ಜೋಗುಪಾಳ್ಯದ ಹೊಟ್ಟೆ ತುಂಬಿದ ಕಾಗೆಗಳು

ಜೋಗುಪಾಳ್ಯದ ಕಾಗೆಗಳಿಗೆ ಹಸಿವು ಸತ್ತುಹೋಗಿತ್ತು. ಸಚಿವ ಸಂಪುಟ ತುರ್ತಾಗಿ ಸೇರಿ ಚರ್ಚಿಸಬೇಕಾದಷ್ಟು ಗಂಭೀರವಾದ ಈ ವಿಷಯ ಮೊದಲು ಗಮನಕ್ಕೆ ಬಂದದ್ದು ಚಿಕ್ಕಮುನಿಯಮ್ಮನಿಗೆ, ಗಂಡ ರಾಮಯ್ಯನ ವರ್ಷದ ತಿಥಿಯ ದಿನ.

ತಾರಸಿಯ ಮೋಟುಗೋಡೆಯ ಮೇಲೆ ಎಡೆ ಇಟ್ಟಿತ್ತು: ಮುದ್ದೆ, ತಲೆಕಾಲು ಸಾರು, ಒಂದು ಕಟ್ಟು ಬೀಡಿ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ನೀರಿನ ಟ್ಯಾಂಕಿನ ಮೇಲಿದ್ದ ಕಾಗೆ ಎಡೆಯನ್ನು ನೋಡಿ, ಒಂದೇ ದಿನ ಮೂರನೆಯ ಮದುವೆಯೂಟಕ್ಕೆ ಕೂತವನ ಹಾಗೆ ಮುಖ ತಿರುಗಿಸಿತು.

"ಮಾವನ ಮನಸ್ಸಲ್ಲಿ ಏನೋ ಇದೆ ಅತ್ತೆ. ಮಾತು ಕೊಡಿ, ಬಂದೇ ಬರುತ್ತೆ," ಎಂದ ನರೇಶ. ರಾಮಯ್ಯನ ತಂಗಿಯ ಮಗ, ವಾರ್ಡ್ ಆಫೀಸಿನ ನೌಕರ.

ಸತ್ತವರ ಆಸೆ ನಡೆಸಿಕೊಡುತ್ತೇವೆಂದು ಕೈಮುಗಿದರೆ ಕಾಗೆ ಇಳಿಯುತ್ತದೆಂಬುದು ಆ ಬೀದಿಯ ನಂಬಿಕೆ. ರಾಮಯ್ಯನದು ಹೇಗೋ, ಚಿಕ್ಕಮುನಿಯಮ್ಮನ ಮನಸ್ಸಿನಲ್ಲಿದ್ದದ್ದು ಒಂದೇ. ಬೀದಿಯಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಸ್ಮಾರಕವಾಗಿ ವಾರ್ಡ್ ಆಫೀಸಿನವರು ಮಾಡಿಸಿದ ಕಲ್ಲು ಮರುದಿನ ಉದ್ಘಾಟನೆಯಾಗಲಿತ್ತು. ಅದರಲ್ಲಿ ಗಂಡನ ಹೆಸರಿರಬೇಕು. ಬೆಡ್ ಸಿಗದೆ ಆಟೋದಲ್ಲೇ ಉಸಿರಿಗೆ ಒದ್ದಾಡಿ ಹೋದ ರಾಮಯ್ಯ, ಕಾಗದದ ಪ್ರಕಾರ ಹೃದಯಾಘಾತದಿಂದ ಸತ್ತಿದ್ದ.

"ಮಾತು ನೀನು ಕೊಡೋ. ಕಲ್ಲಲ್ಲಿ ಹೆಸರು ಕೆತ್ತಿಸ್ತೀನಿ ಅನ್ನು."

"ಅದು ಹಾರ್ಟು ಅತ್ತೆ. ನಮ್ಮ ಬೀದೀಲಿ ಕೋವಿಡ್‌ಗೆ ಹೋಗಿದ್ದು ನಾಲ್ಕೇ ಜನ."

"ಹಾರ್ಟು ಅಂತ ಬರೆಸಿದ್ದೇ ನೀನಲ್ವಾ, ಬೀದಿ ಸೀಲ್ ಆಗ್ಬಾರ್ದು ಅಂತ!" ಮಗಳು ಯಮುನಾ ಸಿಡಿದಳು. "ಟೆಸ್ಟೇ ಮಾಡಿಸ್ದೆ ಕೋವಿಡ್ ಇರ್ಲಿಲ್ಲ ಅಂದ್ರೆ, ಥರ್ಮಾಮೀಟರ್ ಒಡೆದಾಕಿ ಜ್ವರ ಬಿಡ್ತು ಅಂದಂಗಾಯ್ತು."

ಪಕ್ಕದ ತಾರಸಿಯಿಂದ ಯಾರೋ "ಕಾ, ಕಾ" ಎಂದು ಕರೆದರು. ಅದರಾಚೆಯಿಂದ ಇನ್ನೊಬ್ಬರು. ಚಿಕ್ಕಮುನಿಯಮ್ಮ ತಿರುಗಿ ನೋಡಿದಳು. ಹಲಸೂರು ಕೆರೆಯ ದಿಕ್ಕಿಗೆ ಕಣ್ಣು ಹಾಯುವವರೆಗೂ ಎಡೆಗಳು. ಎಡೆಯಿಲ್ಲದ ಕಡೆ ನಿನ್ನೆ ಮೊನ್ನೆಯ ಒಣಗಿದ ಬಾಳೆಲೆಗಳು. ನರೇಶನ ಕಾಲರ್ ಹಿಡಿದು ಅತ್ತ ತಿರುಗಿಸಿದಳು.

"ನೋಡೋ! ನಿಮ್ಮಜ್ಜಿ ತಿಥೀನೂ ಇದೇ ವಾರ. ಪ್ರತಿ ವರ್ಷ ಬೀದಿಗೆಲ್ಲ ಅದೊಂದೇ ಎಡೆ, ಇಡೋಕ್ ಮುಂಚೇನೇ ಕಾಗೆಗಳು ಕಿತ್ತಾಡ್ತಿದ್ವು. ಈಗ ಹೊಟ್ಟೆ ಬಿರಿದು ಕೂತವೆ. ನಾಲ್ಕೇ ಜನ ಸತ್ತಿದ್ರೆ ಯಾರ ಕೂಳು ತಿಂದ್ವೋ ಇವು, ನಿಮ್ಮಪ್ಪಂದಾ?"

"ಅವೆಲ್ಲ ಶುಗರ್ರು, ಬೀಪಿ ಅತ್ತೆ..."

"ಯಾವ್ ವರ್ಷಾನೂ ಕೊಲ್ಲದಿರೋ ಶುಗರ್ರು ಹೋದ್ ವರ್ಷ ಈ ತಿಂಗಳೇ ಊರ್ ಮೇಲೆ ಬಿತ್ತೇನೋ?"

ನರೇಶ ಕಾಲರ್ ಸರಿಮಾಡಿಕೊಂಡ. ಮಾತು ಕೊಡಲಿಲ್ಲ. ಕಾಗೆಯೂ ಬರಲಿಲ್ಲ. ಎಡೆಯನ್ನು ಸಂಜೆ ಬೀದಿನಾಯಿಗೆ ಹಾಕಿದರು. ಮರುದಿನ ಉದ್ಘಾಟನೆಯಾದ ಕಲ್ಲಿನಲ್ಲಿ ನಾಲ್ಕು ಹೆಸರುಗಳಿದ್ದವು.