ಸಂಪಿನ ಮುಚ್ಚಳ

"ಏಯ್, ಮೂಗು ಮುಂದಕ್ಕೆ ತಾ. ಡಬ್ಬಿಗೆ ತಾಗಿಸ್ಬೇಡ, ಮುಂಡೇದೆ. ಇದನ್ನ ಇನ್ನೂ ಹತ್ತು ಜನ ಮೂಸ್ಬೇಕು."

ವೆಂಕಟಾಚಲ ಸಾರ್ ಕೈಗೆ ನೀಲಿ ಗ್ಲೌಸು ಹಾಕಿಕೊಂಡು, ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು ಬಿಗಿದುಕೊಂಡು, ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಜೀವನ್ ಬಿಮಾ ನಗರದ ಆ ಅಪಾರ್ಟ್‌ಮೆಂಟಿಗೆ ಅವರೇ ಸೆಕ್ರೆಟರಿ. ವಿಮಾ ಆಫೀಸಿನಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ರಿಟೈರ್ ಆದವರು. ಯಾರ ಮೇಲೂ ಜೋರು ಮಾಡದೆ ಬಾಯಿ ನವೆಯುತ್ತಿತ್ತೋ ಏನೋ, ಹೊಸ ಕರೋನಾ ಬಂತು ಅಂತ ಟಿವಿಯಲ್ಲಿ ಹೇಳಿದ ಮಾರನೇ ದಿನವೇ ಗೇಟಿಗೆ ಇಳಿದುಬಿಟ್ಟರು.

ಆ ಹೊಸ ತಳಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಎಲ್ಲಾ ಸೇರಿಸಿ ಹೆಸರಿಟ್ಟಿದ್ದಾರಂತೆ. ನಮ್ಮ ಬಾಯಿಗೆ ಅದು ತಿರುಗುವುದಿಲ್ಲ. ನಾವು ಹೊಸಾದು ಅನ್ನುತ್ತೇವೆ. ಹೊಸಾದು ಯಾವುದೋ ದೇಶದಲ್ಲಿ ಹುಟ್ಟಿತಂತೆ, ವಿಮಾನದಲ್ಲಿ ಬರುತ್ತದಂತೆ. ಹಾಗಿದ್ದರೆ ವಿಮಾನ ಹತ್ತಿ ಇಳಿಯುವವರನ್ನು ತಾನೇ ಹಿಡಿದು ಕೂರಿಸಬೇಕು? ಮೂರನೇ ಮಹಡಿಯವರು ಹೋದ ವಾರವಷ್ಟೇ ದುಬೈಯಿಂದ ಸೂಟ್‌ಕೇಸು ಎಳೆದುಕೊಂಡು ಬಂದರು. ಅವರಿಗೆ ಸಾರ್ ಲಿಫ್ಟಿನ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಡಬ್ಬಿ ಮೂಸಬೇಕಾದವರು ನಾವು. ಮನೆಕೆಲಸದವರು, ಡ್ರೈವರುಗಳು, ಕಸದವರು.

ಈ ರೋಗ ಹತ್ತಿದವರಿಗೆ ವಾಸನೆ ಗೊತ್ತಾಗುವುದಿಲ್ಲ ಅಂತ ಯಾರೋ ಸಾರ್‌ಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದಕ್ಕೇ ಮೂರು ಸ್ಟೀಲ್ ಡಬ್ಬಿ. ಒಂದರಲ್ಲಿ ಕಾಫಿ ಪುಡಿ, ಒಂದರಲ್ಲಿ ಕರ್ಪೂರ, ಒಂದರಲ್ಲಿ ಇಂಗು. ಮೊದಲು ಫೋನನ್ನು ಗೇಟಿನ ಬುಟ್ಟಿಗೆ ಹಾಕಬೇಕು. ಕೈಗೆ, ಚಪ್ಪಲಿಗೆ ಔಷಧಿ ಹೊಡೆಸಿಕೊಳ್ಳಬೇಕು. ಆಮೇಲೆ ಕಣ್ಣು ಮುಚ್ಚಿ ಮೂಸಿ ಏನೆಂದು ಹೇಳಬೇಕು.

ನನಗೆ ಮೂಗಿಲ್ಲ. ಮುಖದ ಮೇಲೆ ಇದೆ, ವಾಸನೆ ಹಿಡಿಯುವುದಿಲ್ಲ. ಮದುವೆಯಾಗಿ ಕೋಡಿಹಳ್ಳಿಗೆ ಬಂದಾಗಿನಿಂದ ಇದೇ ಬಿಲ್ಡಿಂಗಿನ ಕಕ್ಕಸು ತೊಳೆಯುತ್ತಿದ್ದೇನೆ. ಸಾರ್ ಹೆಂಡತಿ ಸೀತಾಲಕ್ಷ್ಮಮ್ಮನವರಿಗೆ ಟೈಲ್ಸು ಕನ್ನಡಿಯ ಹಾಗಿರಬೇಕು. ಫಿನಾಯಿಲು ಸಾಲದು ಅಂತ ಸೈಕಲ್ಲಿನವನ ಹತ್ತಿರ ಕ್ಯಾನಿನಲ್ಲಿ ಹಳದಿ ಆಸಿಡ್ ತರಿಸುತ್ತಿದ್ದರು. ಬಾತ್‌ರೂಮಿನ ಬಾಗಿಲು ತೆಗೆದರೆ ಹೊಗೆ ನಡುಮನೆಗೆ ಬರುತ್ತೆ, ಹಾಕಿಕೊಂಡೇ ತಿಕ್ಕು ಅನ್ನುತ್ತಿದ್ದರು. ತಿಕ್ಕಿದೆ. ಒಂದು ದಿನ ಮನೆಯಲ್ಲಿ ಅನ್ನ ತಳ ಹಿಡಿದು ಕರಕಲಾಗಿ, ಪಕ್ಕದ ಮನೆಯವರು ಎದ್ದು ಬಂದರೂ ಒಲೆಯ ಮುಂದೆ ಕೂತಿದ್ದ ನನಗೆ ಗೊತ್ತಾಗಲಿಲ್ಲ. ನನ್ನತ್ತೆ ಗೋವಿಂದಮ್ಮ ಮೂತಿಗೆ ತಿವಿದಾಗಲೇ ಗೊತ್ತಾಗಿದ್ದು.

ಹಾಗಾದರೆ ಇಷ್ಟು ದಿನ ಗೇಟು ಹೇಗೆ ದಾಟಿದೆ ಅಂತೀರಾ? ಸಾರ್ ಎಲ್ಲವನ್ನೂ ವರಸೆ ಪ್ರಕಾರ ಮಾಡುವವರು. ಮೊದಲು ಕಾಫಿ, ಆಮೇಲೆ ಕರ್ಪೂರ, ಕೊನೆಗೆ ಇಂಗು. ಮೊದಲ ದಿನ ನನ್ನ ಮುಂದಿನವರು ಹೇಳಿದ್ದನ್ನು ಕೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡಿದ್ದೆ. ಮೂಸಿದ ಹಾಗೆ ಮಾಡಿ, ಸ್ವಲ್ಪ ತಡೆದು, ಹೇಳುತ್ತಿದ್ದೆ. ಆವತ್ತು ಸಾಲಿಗೆ ಮೊದಲು ಬಂದವಳೇ ನಾನು.

"ಕಾಫಿ ಪುಡಿ ಸಾರ್."

"ಇನ್ನೊಂದ್ಸಲ ಮೂಸು."

"ಕಾಫಿ ಪುಡೀನೇ ಸಾರ್. ಘಮ್ ಅಂತೈತೆ."

ಕಣ್ಣು ಬಿಟ್ಟು ನೋಡಿದೆ. ಡಬ್ಬಿಯಲ್ಲಿ ಇಂಗಿತ್ತು. ಸಾರ್ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತಿದ್ದರು. ನನ್ನ ಹಿಂದೆ ನಿಂತಿದ್ದವರೆಲ್ಲ ರಸ್ತೆಯ ಆ ಬದಿಗೆ ಹೋಗಿಬಿಟ್ಟಿದ್ದರು.

"ಸಾರ್, ನಂಗೆ ಜ್ವರ ಇಲ್ಲ, ಕೆಮ್ಮಿಲ್ಲ. ನಿಮ್ಮನೆ ಆಸಿಡ್ ಹೊಗೆ ಕುಡ್ದು ಕುಡ್ದು ಮೂಗು ಸತ್ತೋಗಿ ಎಷ್ಟೋ ಕಾಲ ಆಯ್ತು. ಅಮ್ಮಾವ್ರನ್ನೇ ಕೇಳಿ."

ಅಮ್ಮಾವರು ಮೊದಲ ಮಹಡಿಯ ಬಾಲ್ಕನಿಯಲ್ಲೇ ಇದ್ದರು. "ಕೇಳಿಸ್ಕೊಂಡ್ರೇನ್ರೀ? ರೋಗ ತಂದಿರೋದು ಇವಳು, ಬೈಸ್ಕೊಳ್ಳೋದು ನಮ್ಮ ಆಸಿಡ್ಡು. ನಿನ್ನೆ ನಮ್ಮ ಮಗೂಗೆ ಎಣ್ಣೆ ಹಚ್ಚಿದ್ಲು ಕಣ್ರೀ ಇವಳು, ಏನ್ ಮಾಡೋದೀಗ?"

"ಬ್ಯಾಡ ಬಿಡಿ. ಮನೆಗೋಗ್ತೀನಿ."

"ಹೋಗಿ? ಕೋಡಿಹಳ್ಳಿಗೆಲ್ಲ ಹಂಚ್ತೀಯಾ?" ಎಂದರು ಸಾರ್. "ನಾಳೆ ಕಾರ್ಪೊರೇಷನ್ನೋರು ಬಂದು ಎಲ್ಲಿಂದ ಬಂತು ಅಂತ ಕೇಳಿ ನಮ್ಮ ಬಿಲ್ಡಿಂಗಿಗೆ ಸೀಲ್ ಹಾಕ್ಲಿ ಅಂತಾನಾ? ಸಂಜೆ ಲ್ಯಾಬಿನವನನ್ನ ಕರೆಸ್ತೀನಿ. ರಿಪೋರ್ಟ್ ಬರೋವರೆಗೂ ನೀನು ಎಲ್ಲೂ ಹೋಗೋ ಹಂಗಿಲ್ಲ. ಮುತ್ತಣ್ಣ, ಇವಳನ್ನ ಪಂಪ್ ರೂಮಿಗೆ ಹಾಕು."

"ಸಾರ್, ಮನೇಲಿ ಹಾಲು ಕುಡಿಯೋ ಕೂಸೈತೆ."

"ಅದಕ್ಕೇ ಹೇಳ್ತಿರೋದು. ಅದು ಬದುಕ್ಬೇಕು ಅಂತಿದ್ರೆ ಒಳಗೆ ನಡಿ."

ಮುತ್ತಣ್ಣ ಗೇಟಿನ ವಾಚ್‌ಮನ್. ದಿನಾ ನನ್ನ ಕೈಯಿಂದಲೇ ಟೀ ಇಸಿದುಕೊಂಡು ಕುಡಿಯುವವನು. ಆವತ್ತು ಪೊರಕೆಯ ಹಿಡಿ ಮುಂದೆ ಚಾಚಿಕೊಂಡು, ಎಮ್ಮೆ ಹೊಡೆಯುವ ಹಾಗೆ ನನ್ನನ್ನು ಬೇಸ್‌ಮೆಂಟಿಗೆ ಹೊಡೆದುಕೊಂಡು ಹೋದ. "ಬೇಜಾರ್ ಮಾಡ್ಕೋಬೇಡ ಕಣಕ್ಕಾ, ನಂದೂ ಹೊಟ್ಟೆಪಾಡು" ಎಂದ. ಹೊರಗಿಂದ ಚಿಲಕ ಎಳೆದು ಬೀಗ ಹಾಕಿದ. ಥೂ, ಅವನ ಹೊಟ್ಟೆಪಾಡಿಗಿಷ್ಟು.

ಪಂಪ್ ರೂಮೆಂದರೆ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲೊಂದು ಗೂಡು. ಒಂದು ಮೋಟರು. ಗೋಡೆಯ ಮೇಲೆ ಅದನ್ನು ಓಡಿಸಲು ಹಸಿರು ಗುಂಡಿ, ನಿಲ್ಲಿಸಲು ಕೆಂಪು ಗುಂಡಿ. ನೆಲದಲ್ಲಿ ಸಂಪಿನ ಕಬ್ಬಿಣದ ಮುಚ್ಚಳ. ತಲೆಯ ಮೇಲೆ ಜಾಲರಿಯ ಒಂದು ಕಿಂಡಿ. ಅದರಲ್ಲಿ ಗೇಟಿನ ಹತ್ತಿರ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು.

ಸಾರ್ ಬಾಗಿಲಿನ ಆಚೆಯಿಂದಲೇ ಕೂಗಿದರು. "ಸಂಪಿನ ಮುಚ್ಚಳ ಮುಟ್ಟಿದ್ಯೋ ಹುಷಾರ್. ಇಡೀ ಬಿಲ್ಡಿಂಗು ಕುಡಿಯೋ ನೀರು ಅದು."

"ನಂಗೂ ಕುಡಿಯಾಕೆ ಒಂದು ಬಾಟ್ಲಿ ಕಳ್ಸಿ ಸಾರ್."

"ಕಳಿಸ್ತೀನಿ, ಕಳಿಸ್ತೀನಿ."

ಕಳಿಸಲಿಲ್ಲ.

ದಿನಾ ಎರಡು ಮನೆ ಮುಗಿಸಿ, ಕೋಡಿಹಳ್ಳಿಗೆ ಓಡಿ ಮಗಳಿಗೆ ಹಾಲು ಕುಡಿಸಿ, ಮತ್ತೆ ಓಡಿ ಬಂದು ಉಳಿದ ಮನೆಗಳ ಪಾತ್ರೆಗೆ ಕೂರುತ್ತಿದ್ದೆ. ಅವಳು ಬಾಟಲಿ ಹಿಡಿಯುವುದಿಲ್ಲ. ಬಾಯಿಗಿಟ್ಟರೆ ಉಗಿಯುತ್ತಾಳೆ, ಅವರಜ್ಜಿಯ ಕೊಬ್ಬೇ ಅವಳಿಗೂ. ಆ ಹೊತ್ತಾದ ಕೂಡಲೇ ಎದೆ ಬಿಗಿಯತೊಡಗಿತು. ಮೊದಲು ನೋವು, ಆಮೇಲೆ ಉರಿ. ಬರಬರುತ್ತಾ ಎರಡೂ ಕಲ್ಲಾದವು. ತೋಳು ಎತ್ತಿದರೆ ಜೀವ ಹೋಗುತ್ತಿತ್ತು.

ಮೇಲೆ ಸಾರ್ ಮನೆಯಲ್ಲೂ ನನ್ನ ಮಗಳಷ್ಟೇ ತಿಂಗಳಿನ ಕೂಸು ಇದೆ. ಅವರ ಸೊಸೆ ಸಂಹಿತಾ ಮೇಡಂದು. ಅದಕ್ಕೆ ಎಣ್ಣೆ ಹಚ್ಚಿ ನೀರು ಹಾಕುವವಳು ನಾನೇ. ಹೋದ ತಿಂಗಳು ಮೇಡಂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದಾಗ ಮಗು ಹಸಿದು, ಉಸಿರು ಕಟ್ಟುವಂತೆ ಅತ್ತಿತು. ಕೇಳಿಸಿಕೊಂಡು ನನ್ನ ಎದೆಯಲ್ಲಿ ಹಾಲು ಉಕ್ಕಿ ಬಂತು. ಯೋಚನೆ ಮಾಡಲಿಲ್ಲ, ಕೊಟ್ಟೆ. ಪಾಪ, ಗಟಗಟ ಕುಡಿಯಿತು. ಸೀತಾಲಕ್ಷ್ಮಮ್ಮ ನೋಡಿಬಿಟ್ಟರು. ಮಗುವನ್ನು ಕಿತ್ತುಕೊಂಡು ಹೋಗಿ, ನಲ್ಲಿ ತಿರುಗಿಸಿ, ಅದರ ಬಾಯೊಳಗೆ ಬೆರಳು ಹಾಕಿ ತೊಳೆದರು. "ಯಾರ ಹಾಲನ್ನ ಯಾರಿಗೆ ಕುಡಿಸ್ತೀಯೇ, ಮನೆಹಾಳಿ. ನಿಮ್ಮ ಜನಕ್ಕೆ ಕಕ್ಕಸು ಬಿಟ್ಟು ಒಳಗೆ ಬಿಟ್ಕೊಂಡಿದ್ದೇ ತಪ್ಪಾಯ್ತು" ಎಂದರು. ಮಗು ಅಳುತ್ತಾ ನನ್ನ ಕಡೆಗೇ ಕೈ ಚಾಚುತ್ತಿತ್ತು. ಮಾರನೇ ದಿನವೂ ಅದೇ ಮನೆಗೆ ಕೆಲಸಕ್ಕೆ ಹೋದೆ. ಹೋಗದೆ ಏನು ಮಾಡಲಿ?

ಬಿಸಿಲು ಏರಿದ ಮೇಲೆ ಕಿಂಡಿಯಲ್ಲಿ ನನ್ನತ್ತೆಯ ಕಾಲು ಕಂಡವು. ಒಡೆದ ಹಿಮ್ಮಡಿ, ಹವಾಯಿ ಚಪ್ಪಲಿ. ಜೊತೆಗೆ ನನ್ನ ಮಗಳ ಅಳು.

"ನನ್ ಸೊಸೆ ಎಲ್ಲಪ್ಪಾ? ಫೋನೂ ಎತ್ತಲ್ಲ. ಕೂಸು ಬಾಯಿ ಬಡ್ಕೊಂತೈತೆ."

"ಒಳಗೆ ಬಿಡೋ ಹಂಗಿಲ್ಲ ಅಜ್ಜಿ. ಅವ್ಳಿಗೆ ಹೊಸ ರೋಗ ಬಂದದೆ" ಎಂದ ಮುತ್ತಣ್ಣ.

"ರೋಗ ನಿಮ್ಮಪ್ಪಂಗೆ ಬರ್ಲಿ. ಬೆಳಗ್ಗೆ ರಾತ್ರಿ ಉಳಿದಿದ್ದ ಮುದ್ದೆ ಹಿಸುಕ್ಕೊಂಡು ಉಂಡು ಬಂದವ್ಳೆ ಕಣೋ ಅವ್ಳು, ರೋಗ ಅಂತೆ ರೋಗ. ತೆಗಿಯೋ ಗೇಟ, ಬೋಳಿಮಗನೆ."

"ಅತ್ತೇ, ಇಲ್ಲಿದೀನಿ. ಕೆಳಗೆ. ಮಗೀನ ಈ ಕಿಂಡಿ ತಾವ್ಕೆ ತಗೊಂಬಾ."

ನನ್ನ ದನಿ ಕೇಳಿ ಮಗಳ ಅಳು ಇನ್ನೂ ಜೋರಾಯಿತು. ಇಷ್ಟು ಹೊತ್ತು ಕಲ್ಲಾಗಿದ್ದ ಎದೆ ಒಡೆದುಕೊಂಡಿತು. ರವಿಕೆ ತೊಯ್ದು, ಸೀರೆ ತೊಯ್ದು, ಹಾಲು ಹೊಟ್ಟೆಯ ಮೇಲೆ ಇಳಿಯಿತು. ಕಿಂಡಿಗೂ ಗೇಟಿಗೂ ನಡುವೆ ಇದ್ದದ್ದು ಒಂದು ಕಾರು ನಿಲ್ಲುವಷ್ಟು ಜಾಗ.

ಸಾರ್ ಬೂಟು ಬಂದವು. "ದೂರ, ದೂರ. ಇವರ ಮನೆಯವರಿಗೆಲ್ಲ ಇರತ್ತೆ" ಎನ್ನುತ್ತಾ ಗೇಟಿನ ಸಂದಿಯಿಂದ ಔಷಧಿ ಹೊಡೆದರು. ನನ್ನತ್ತೆಯ ಕಾಲಿಗೆ, ಸೀರೆಗೆ, ಮಗುವಿನ ಬಟ್ಟೆಗೆ. ಔಷಧಿ ಮುಖಕ್ಕೆ ಬಡಿದು ಮಗು ಕೆಮ್ಮಿತು.

"ನೋಡು, ಕೆಮ್ತು. ಇದಕ್ಕೂ ಬಂದಾಯ್ತು" ಎಂದರು ಸಾರ್.

ಮೇಲಿಂದ ಸಂಹಿತಾ ಮೇಡಂ ದನಿ ಕೇಳಿಸಿತು. "ಮಾವ, ಪಾಪ, ಹಸಿವಾಗಿದೆ ಅನ್ಸತ್ತೆ ಅದಕ್ಕೆ. ಒಂದ್ಸಲ ಹಾಲು ಕೊಟ್ಬಿಡ್ಲಿ."

"ನೀನು ಮಗೂನ ಕರ್ಕೊಂಡು ಒಳಗೆ ಹೋಗಮ್ಮ. ಗಾಳೀಲೇ ಹರಡತ್ತಂತೆ ಇದು."

ಬಾಲ್ಕನಿಯ ಗಾಜಿನ ಬಾಗಿಲು ಸರಿದು ಮುಚ್ಚಿಕೊಂಡಿತು. ಆ ತಾಯಿಯ ಕರುಣೆ ಅಷ್ಟಕ್ಕೇ ಮುಗಿಯಿತು.

ನನ್ನತ್ತೆ ಹೋಗಲಿಲ್ಲ. ಎದುರಿನ ಮೋರಿಯ ಕಲ್ಲಿನ ಮೇಲೆ ಕೂತು ಮಗುವನ್ನು ಆಡಿಸುತ್ತಾ, ಬಿಲ್ಡಿಂಗಿನ ಒಂದೊಂದು ಮನೆಗೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಅಷ್ಟರಲ್ಲಿ ಮೇಲಿನ ಮನೆಗಳಲ್ಲಿ ಗಲಾಟೆ ಎದ್ದಿತು. ಟ್ಯಾಂಕಿನ ನೀರು ಮುಗಿದಿತ್ತು. ದಿನಾ ಮೋಟರು ಹಾಕುವವನು ಮುತ್ತಣ್ಣ. ಅವನು ರೂಮಿನ ಒಳಗೆ ಬರಲು ಒಪ್ಪಲಿಲ್ಲ. ಯಾರೂ ಒಪ್ಪಲಿಲ್ಲ.

"ಈಶ್ವರಿ" ಎಂದರು ಸಾರ್, ಬಾಗಿಲಿನ ಆಚೆ ನಿಂತು. ನನ್ನ ಹೆಸರು ಚೌಡೇಶ್ವರಿ. ಕರೆಯಲು ಅಸಹ್ಯ ಅಂತ ಸೀತಾಲಕ್ಷ್ಮಮ್ಮ ಮೊದಲ ದಿನವೇ ಅದರ ತಲೆ ಕತ್ತರಿಸಿದ್ದರು. "ಗೋಡೆ ಮೇಲೆ ಹಸಿರು ಗುಂಡಿ ಇದೆ, ಒತ್ತಮ್ಮ. ಸೆರಗಿನ ತುದೀಲಿ ಒತ್ತು. ಬೆರಳು ತಾಗಿಸ್ಬೇಡ."

ಬೆಳಗ್ಗೆ ಮುಂಡೇದೆ, ಈಗ ಅಮ್ಮ.

"ಬಾಗ್ಲು ತೆಗೀರಿ ಸಾರ್. ಮಗೀಗೆ ಹಾಲು ಕೊಟ್ಟು ಒತ್ತುತೀನಿ. ಆಮೇಲೆ ಬೇಕಾದ್ರೆ ಇಲ್ಲೇ ಬಿದ್ದಿರ್ತೀನಿ, ಎಷ್ಟು ದಿನ ಆದ್ರೂ."

"ಮೊದ್ಲು ಒತ್ತು. ಆಮೇಲೆ ನೋಡೋಣ."

ಈ ನೋಡೋಣ ನನಗೆ ಗೊತ್ತು. ಆಸಿಡ್ ಗಂಟಲಿಗೆ ಹಿಡಿಯುತ್ತೆ, ಒಂದು ಮಾಸ್ಕು ಕೊಡಿ ಅಂದಾಗಲೂ ನೋಡೋಣ ಅಂದಿದ್ದರು. ಮೂಗು ಹೋಯಿತು, ಮಾಸ್ಕು ಬರಲಿಲ್ಲ.

"ಇಲ್ಲ ಸಾರ್. ಮೊದ್ಲು ಬಾಗ್ಲು."

ಆಮೇಲೆ ಅವರ ಬೂಟು ಮತ್ತೆ ಗೇಟಿನ ಹತ್ತಿರ ಕಾಣಿಸಿತು. ಗಂಟಲು ದೊಡ್ಡದು ಮಾಡಿ, ನನಗೂ ನನ್ನತ್ತೆಗೂ ಕೇಳುವ ಹಾಗೆ ಹೇಳಿದರು. "ಮುತ್ತಣ್ಣ, ಆಂಬುಲೆನ್ಸಿಗೆ ಫೋನ್ ಮಾಡು. ಆ ಮಗು ಕೆಮ್ಮಿದ್ದನ್ನ ನಾನೇ ನೋಡಿದೀನಿ. ಎತ್ಕೊಂಡು ಹೋಗಿ ಯಾವುದಾದ್ರೂ ವಾರ್ಡಿಗೆ ಹಾಕ್ಲಿ. ಯಾರ ಕೈಗೂ ಸಿಗ್ಬಾರ್ದು."

ಗೋವಿಂದಮ್ಮ ಯಾರಿಗೂ ಹೆದರುವ ಹೆಂಗಸಲ್ಲ. ಆದರೆ ಹಿಂದಿನ ಕರೋನಾದಲ್ಲಿ ಅವಳ ಗಂಡನನ್ನು ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ಹೋದರು. ಮತ್ತೆ ಅವನ ಮುಖ ತೋರಿಸಲಿಲ್ಲ. ಬೈಗುಳ ಗಪ್ಪನೆ ನಿಂತಿತು. ಹವಾಯಿ ಚಪ್ಪಲಿಗಳು ಓಡಿದವು. ಒಂದು ಅಲ್ಲೇ ಕಳಚಿ ಬಿತ್ತು, ಅದನ್ನು ತೆಗೆದುಕೊಳ್ಳಲೂ ಅವಳು ನಿಲ್ಲಲಿಲ್ಲ. ಮಗಳ ಅಳು ತಿರುವಿನವರೆಗೂ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹಾಲು ಸುರಿಯುತ್ತಲೇ ಇತ್ತು. ಕುಡಿಯುವವಳನ್ನು ಓಡಿಸಿಬಿಟ್ಟಿದ್ದಾರೆ ಅಂತ ಅದಕ್ಕೇನು ಗೊತ್ತು? ನನ್ನ ಮಗಳ ಊಟ ಸಿಮೆಂಟು ನೆಲಕ್ಕೆ, ಮೋಟರಿನ ಎಣ್ಣೆಯ ಕೊಳಕಿಗೆ ಬೀಳುತ್ತಿತ್ತು.

"ಒತ್ತುತೀಯೋ, ಆಂಬುಲೆನ್ಸಿಗೆ ನಿಮ್ಮನೆ ಅಡ್ರೆಸ್ ಕೊಡ್ಲೋ?" ಸಾರ್ ಮತ್ತೆ ಬಾಗಿಲಿಗೆ ಬಂದಿದ್ದರು.

"ಒತ್ತುತೀನಿ ಸಾರ್. ಒಂಚೂರು ತಡೀರಿ."

ಸಂಪಿನ ಮುಚ್ಚಳ ಭಾರವಿತ್ತು. ಸದ್ದಾಗದ ಹಾಗೆ ಎರಡು ಕೈಯಲ್ಲೂ ಎತ್ತಿ ಪಕ್ಕಕ್ಕೆ ಸರಿಸಿದೆ. ಮೊದಲು ಬೊಗಸೆಯಲ್ಲಿ ಮೊಗೆದು ಕುಡಿದೆ, ಬಾಯಾರಿಕೆ ಹೋಗುವಷ್ಟು. ಕೈ ತೊಳೆದೆ, ಮುಖ ತೊಳೆದೆ. ಆಮೇಲೆ ರವಿಕೆ ಬಿಚ್ಚಿ, ಮಂಡಿಯೂರಿ, ನೀರಿನ ಮೇಲೆ ಬಗ್ಗಿದೆ. ಹಿಂಡಿದೆ. ನೋವಿಗೆ ಹಲ್ಲು ಕಚ್ಚಿಕೊಂಡು ಹಿಂಡಿದೆ. ಕಪ್ಪು ನೀರಿನ ಮೇಲೆ ಬೆಳ್ಳಗೆ ಎಳೆ ಎಳೆಯಾಗಿ ಬಿದ್ದು, ಹರಡಿ, ಕಾಣದೆ ಹೋಯಿತು. ಒಂದು ಎದೆ ಬರಿದಾದ ಮೇಲೆ ಇನ್ನೊಂದು. ಮಗಳ ಹೆಸರು ಹಿಡಿದು ಅಳುತ್ತಲೇ ಹಿಂಡಿದೆ. ಒಂದು ತೊಟ್ಟೂ ಉಳಿಸಿಕೊಳ್ಳಲಿಲ್ಲ.

ಎದ್ದು ರವಿಕೆ ಹಾಕಿಕೊಂಡೆ. ಮುಚ್ಚಳವನ್ನು ತೆರೆದೇ ಬಿಟ್ಟೆ. ಹಸಿರು ಗುಂಡಿಯ ಮೇಲೆ ಸೆರಗು ಹಾಕಲಿಲ್ಲ, ಬರಿಗೈ ಇಟ್ಟು ಒತ್ತಿದೆ.

ಮೋಟರು ಗುಂಯ್ ಎಂದಿತು. ನೀರು ಕೊಳವೆ ಹತ್ತಿ ಮೇಲೆ ಹೋಗುವುದು ಗೋಡೆಯಲ್ಲಿ ಕೇಳಿಸಿತು.

"ಹಾಂ, ಹಂಗೆ ದಾರಿಗೆ ಬಾ" ಎಂದರು ಸಾರ್. ಬೂಟು ದೂರ ಹೋದವು. ಬೀಗ ತೆಗೆಯುವ ಸದ್ದು ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲೆ ಒಂದೊಂದೇ ನಲ್ಲಿ ಸುರಿಯತೊಡಗಿತು. ಕಿಂಡಿಯಲ್ಲಿ ಸೀತಾಲಕ್ಷ್ಮಮ್ಮನವರ ದನಿ ಬಂತು.

"ಸಂಹಿತಾ, ನೀರು ಬಂತು. ಮಗೂಗೆ ಬಾಯಿ ತೊಳಿಯಮ್ಮ. ನಿನ್ನೆ ಅವಳು ಮುಟ್ಟಿದಾಳೆ."

"ತೊಳೀರಿ" ಎಂದೆ. "ಚೆನ್ನಾಗಿ ತೊಳೀರಿ."