ಹದಿನೇಳನೇ ನಂಬರ್

ಕೊರೊನಾಕ್ಕೆ ಬೀದಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಟೈಲರ್ ತನ್ನ ಹೊಲಿಗೆ ಮಿಷನ್ನನ್ನು ಅಂಗಡಿಯಿಂದ ಮನೆಗೆ ತಂದಿದ್ದ. ಊರವರ ಎದೆಯಳತೆ ಬಾಯಿಪಾಠವಿದ್ದವನಿಗೆ ಈಗ ಬರೀ ಬಾಯಿಯಳತೆ, ಹೊಲಿಯುತ್ತಿದ್ದದ್ದೆಲ್ಲ ಮಾಸ್ಕು.

ಮಗಳು ಒಂಬತ್ತನೇ ಕ್ಲಾಸು. ಯಾರ ದನಿ ಕೇಳಿದರೂ ಹಾಗೇ ಮಾತಾಡುತ್ತಿದ್ದಳು, ಅದಕ್ಕೇ ಎಲ್ಲರಿಗೂ ಅವಳು ಗಿಳಿ. ಬೆಳಗಾದರೆ ಒಳಕೋಣೆಯ ಬಾಗಿಲು ಹಾಕಿಕೊಳ್ಳುವಳು. ಒಳಗಿಂದ ಮೇಷ್ಟ್ರ ಕೆಮ್ಮು, ಹುಡುಗಿಯರ ಕಿಸಿಕಿಸಿ. ಆನ್‌ಲೈನ್ ಕ್ಲಾಸು ಅಂತ ಅಮ್ಮ ತಟ್ಟೆಯನ್ನು ಬಾಗಿಲಲ್ಲಿಟ್ಟು ಬರುತ್ತಿದ್ದಳು. ಎಷ್ಟೋ ದಿನ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು.

ಒಂದು ಮಧ್ಯಾಹ್ನ ಜ್ವರ ವಿಚಾರಿಸಲು ಬಂದ ನರ್ಸಕ್ಕ ಹೊಸ್ತಿಲಾಚೆ ನಿಂತು, ಮಗಳು ಹೇಗಿದ್ದಾಳೆ ಅಂದಳು. ಅವಳಿಗೇನು ಬಂದಿದೆ, ಈ ವಯಸ್ಸಿಗೆ ಬೇಜಾರು ಅನ್ನೋದು ಹೊಟ್ಟೆ ತುಂಬಿದವರ ಕಾಯಿಲೆ ಅಂದ ಟೈಲರ್. ಮೂರು ವಾರದಿಂದ ಒಂದು ಕ್ಲಾಸೂ ತಪ್ಪಿಸಿಲ್ಲ, ಬೇಕಾದ್ರೆ ನೀವೇ ಕೇಳಿ.

ಒಳಗೆ ಹಾಜರಿ ನಡೆದಿತ್ತು. ಮೇಷ್ಟ್ರು ನಂಬರ್ ಕೂಗಿದಂತೆಲ್ಲ ಒಂದೊಂದು ದನಿ ‘ಪ್ರೆಸೆಂಟ್ ಸಾರ್’ ಅನ್ನುತ್ತಿತ್ತು. ಒಂದು ಮೂಗಿನದು, ಒಂದು ಕೀರಲು, ಒಂದು ನಿದ್ದೆಗಣ್ಣಿನದು.

“ಯಾರ ಫೋನಲ್ಲಿ ಕ್ಲಾಸು?” ಅಂದಳು ನರ್ಸಕ್ಕ.

ಮಿಷನ್ ನಿಂತಿತು. ಟೈಲರ್‌ನ ಫೋನು ಕತ್ತರಿ ಪಕ್ಕದಲ್ಲೇ ಇತ್ತು. ಹೆಂಡತಿಯದು ಅವಳ ಕೈಯಲ್ಲಿತ್ತು. ಮೂರು ವಾರದ ಹಿಂದೆ ಗಿಳಿಯ ಫೋನ್ ಕೆಟ್ಟ ದಿನ ಅಪ್ಪ, ಅಮ್ಮನ ಹತ್ರ ಕೇಳು ಅಂದಿದ್ದ. ಅಮ್ಮ, ಅಪ್ಪನ ಹತ್ರ ಕೇಳು ಅಂದಿದ್ದಳು. ಇನ್ನೊಬ್ಬರು ಕೊಟ್ಟಿರುತ್ತಾರೆ ಅಂತ ಇಬ್ಬರೂ ನಂಬಿದ್ದರು. ಒಳಗೆ ಫೋನೇ ಇರಲಿಲ್ಲ, ಮೇಷ್ಟ್ರೂ ಹುಡುಗಿಯರೂ ಎಲ್ಲ ಗಿಳಿಯ ಒಂದೇ ಗಂಟಲು.

ಒಳಗೆ ಹಾಜರಿ ನಿಂತಿರಲಿಲ್ಲ.

“ಹದಿನೇಳು,” ಅಂತು ಮೇಷ್ಟ್ರ ದನಿ. “ಹದಿನೇಳು?”

“ಅವಳಿಲ್ಲ ಸಾರ್,” ಅಂತು ಕೀರಲು ದನಿ. “ಇಲ್ಲದಿದ್ರೂ ಯಾರಿಗೂ ಗೊತ್ತಾಗಲ್ಲ.”

ಹದಿನೇಳು ಗಿಳಿಯ ನಂಬರು. ಬಾಗಿಲು ಬಡಿಯಲು ಎತ್ತಿದ ಟೈಲರ್ ಕೈಯನ್ನು ನರ್ಸಕ್ಕನ ಮಾತು ತಡೆಯಿತು.

“ಇದು ದೆವ್ವ ಅಲ್ಲ, ಸೊಕ್ಕೂ ಅಲ್ಲ ಅಣ್ಣ. ಒಂಟಿತನ. ಬೈಬೇಡಿ, ಬುದ್ಧಿ ಹೇಳಬೇಡಿ. ಕೂತ್ಕೊಂಡು ಕೇಳಿಸ್ಕೊಳ್ಳಿ. ಬದುಕೋದೇ ಬೇಡ ಅನ್ಸುತ್ತಾ ಅಂತ ನೇರವಾಗೇ ಕೇಳಿ. ಕೇಳಿದ್ರೆ ಕೆಡುಕಾಗಲ್ಲ.”

ಕೊರಳಿನ ಅಳತೆ ಟೇಪಿನ ಸಮೇತ ಟೈಲರ್ ನೆಲಕ್ಕೆ ಕೂತ. ತನ್ನ ಫೋನನ್ನು ಬಾಗಿಲಡಿ ಒಳಗೆ ತಳ್ಳಿದ.

“ಗಿಳೀ, ಹದಿನೇಳು ಬರದೆ ಈ ಮನೇಲಿ ಹಾಜರಿ ಮುಗಿಯಲ್ಲ ಕಣೆ. ನಾನಿಲ್ಲೇ ಇರ್ತೀನಿ.”

ಒಳಗಿನ ದನಿಗಳೆಲ್ಲ ಒಮ್ಮೆಗೇ ಆರಿಹೋದವು. ಆಮೇಲೆ ಒಣಗಿದ ಒಂದು ದನಿ ಬಂತು.

“ಅಪ್ಪಾ, ನನ್ನ ದನಿ ಹೇಗಿತ್ತು ಅಂತಾನೇ ಮರೆತುಹೋಗಿದೆ.”

“ಇದೇ ಕಣೆ,” ಅಂದ ಟೈಲರ್. “ಇದೇ.”

ಚಿಲಕ ಸರಿಯಿತು. ಅವನು ನರ್ಸಕ್ಕ ಹೇಳಿಕೊಟ್ಟ ಪ್ರಶ್ನೆಯನ್ನೇ ನೇರವಾಗಿ ಕೇಳಿದ. ಗಿಳಿ ಅತ್ತು ಎಲ್ಲ ಹೇಳಿದಳು.

ಈಗ ಗಿಳಿ ವಾರಕ್ಕೊಮ್ಮೆ ಆರೋಗ್ಯ ಕೇಂದ್ರದ ಆಪ್ತಸಮಾಲೋಚಕರ ಹತ್ತಿರ ಮಾತಾಡುತ್ತಾಳೆ, ದಿನಾ ಗೆಳತಿಯರ ಜೊತೆ ಫೋನಲ್ಲಿ. ಸಂಜೆ ಮಾಳಿಗೆ ಮೇಲೆ ನಡೆದಾಟ, ಹೊತ್ತಿಗೆ ಸರಿಯಾಗಿ ನಿದ್ದೆ. ಊಟ ಮೂವರೂ ಒಟ್ಟಿಗೆ ಕೂತು.

ನಿಮ್ಮ ಮನೆಯಲ್ಲೂ ಒಂದು ಬಾಗಿಲು ಮುಚ್ಚಿದೆಯೇ? ಇವತ್ತು ತಟ್ಟೆ ಇಟ್ಟು ಬಂದುಬಿಡಬೇಡಿ. ಅಲ್ಲೇ ಕೂತು, ಹೆಸರು ಹಿಡಿದು ಕರೆಯಿರಿ. ಅವರದೇ ದನಿ ಬರುವವರೆಗೂ ಏಳಬೇಡಿ. ಭಯವಾದರೆ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ಅದರಲ್ಲಿ ನಾಚಿಕೆಯಿಲ್ಲ.