ಗಡಿಗೆಯೊಳಗಿನ ಚೀಟಿ

ಹಗಲಿನಲ್ಲಿ ಬಲ್ಬಿನ ಬೆಳಕು ಎಷ್ಟು ಬಡವಾಗಿ ಕಾಣುತ್ತದೆ, ಕವುಚಿ ಹಾಕಿದ ಬಿದಿರುಬುಟ್ಟಿಯ ಸಂದುಗಳಲ್ಲಿ ಒಂದಿಷ್ಟು ಹಳದಿ, ಅಷ್ಟೇ, ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಬಗ್ಗಿದರೆ ಹೊಟ್ಟೆಯ ಹೊಲಿಗೆ ಜಗ್ಗುತ್ತದೆ, ಆದರೂ ಬಗ್ಗುತ್ತೇನೆ, ಉರಿಯುತ್ತಿದೆ — ಇವತ್ತಿಗೆ ಒಂಬತ್ತು ದಿನ, ಮೂವತ್ತೈದು ದಿನ ಆರಬಾರದು, ಗಂಡುಮಗುವಾದ್ದರಿಂದ ಹೊಸಿಲಿನ ಬಲಕ್ಕೆ, ಒಂದು ಮೊಳ ಆಳದಲ್ಲಿ ಕೆಂಡಿಲ್, ಆ ಗಡಿಗೆಯೊಳಗೆ ನನ್ನ ಮಗುವಿನ ಮಾಸು, ಅತ್ತೆ, ನಾನು ಬು, ಅಮ್ಮ, ಎಂದು ಕರೆಯುವವರು, ಅದನ್ನು ಮಾಸು ಅನ್ನುವುದಿಲ್ಲ, ತಮ್ಮ ಅನ್ನುತ್ತಾರೆ, ಬೆಳಕಿರ್ಲಿ ಕಣೇ ಮಗಳೇ, ಕತ್ತಲಾದ್ರೆ ತಮ್ಮ ಅಳ್ತಾನೆ, ತಮ್ಮ ಅತ್ರೆ ಅಲ್ಲಿ ಆಸ್ಪತ್ರೇಲಿ ಅಣ್ಣನೂ ಅಳ್ತಾನೆ. ಅಣ್ಣ ಅಳುವುದಿಲ್ಲ ಬು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾನೆ, ಬಾಯಿಗೆ ಕೊಳವೆ ಹಾಕಿದ್ದಾರೆ, ಅಳಬೇಕೆಂದರೂ ಅವನಿಗೆ ದನಿ ಇಲ್ಲ, ಎಂದುಕೊಂಡು ತಲೆಯಾಡಿಸಿದೆ. ನಾನು ಇದನ್ನೆಲ್ಲ ನಂಬುವವಳಲ್ಲ, ಜಾವಾ ಭಾಷೆಯ ನಿಘಂಟಿನ ಕಚೇರಿಯಲ್ಲಿ ಆರು ವರ್ಷದಿಂದ ಪದಗಳನ್ನು ಚೀಟಿಗೆ ಇಳಿಸುವವಳು, ಕೆಂಡಿಲ್ ನನಗೊಂದು ನಾಮಪದ, ಒಂದು, ಅನ್ನ ಬೇಯಿಸುವ ಗುಂಡನೆಯ ಮಣ್ಣಿನ ಗಡಿಗೆ, ಎರಡು, ಮಾಸು ಹೂಳುವ ಗಡಿಗೆ, ಮೂರು, ಸಂಸಾರದ ಹೊಟ್ಟೆಪಾಡು, ಕೆಂಡಿಲ್ ಉರುಳದ ಹಾಗೆ ನೋಡ್ಕೊಳ್ಳಪ್ಪ ಎಂದು ಮದುವೆಯ ದಿನ ಹಿರಿಯರು ನನ್ನ ಗಂಡ ತ್ರಿಯೋನೊನ ಬೆನ್ನು ತಟ್ಟಿದ್ದರು, ನಾಲ್ಕು, ಬೀದಿಯ ಮಾತು, ಡೊಳ್ಳುಹೊಟ್ಟೆಯವನು — ಅತ್ತೆ ಮಗನನ್ನು ಕರೆಯುವುದೇ ಹಾಗೆ, ಏ ಕೆಂಡಿಲ್, ಬಸುರಿ ಅವಳೇನೋ ನೀನೇನೋ, ಆಗ ಎಷ್ಟು ನಕ್ಕಿದ್ದೆವು, ಅವನು ಅಂಗಿ ಎತ್ತಿ ನನ್ನ ಹೊಟ್ಟೆಯ ಪಕ್ಕ ತನ್ನ ಹೊಟ್ಟೆ ಇಟ್ಟು ಅಳೆದಿದ್ದ — ಐದು, ಹಳಬರ ಮಾತು, ಹೆಣ್ಣಿನ ಗರ್ಭ. ಐದನೆಯದರ ಮೇಲೆ ಪಾಕ್ ಸುರಾದಿ ಬೆರಳಿಟ್ಟರು, ನಮ್ಮ ಸಂಪಾದಕರು, ಲವಂಗದ ಸಿಗರೇಟಿನ ವಾಸನೆಯ ಬೆರಳು, ಇದನ್ನ ಈಗ ಯಾರಮ್ಮ ಆಡ್ತಾರೆ, ಸತ್ತುಹೋಗಿದೆ, ಗುರುತು ಹಾಕು, ನಾನು ಹಾಕಿದೆ, ಬಳಕೆ ತಪ್ಪಿದ್ದಕ್ಕೆಲ್ಲ ಹಾಕುವ ಪುಟ್ಟ ಕೆಂಪು ಶಿಲುಬೆ, ಅಡ್ಡಗೆರೆ ಸೊಟ್ಟಗಾಗದ ಹಾಗೆ ಪಟ್ಟಿ ಇಟ್ಟು ಎಳೆದೆ, ಶಾಯಿ ಆರಲೆಂದು ಊದಿದೆ, ಚೀಟಿ ಚೀಲಕ್ಕೆ ಹಾಕಿಕೊಂಡು ಎದ್ದೆ, ಕಾಲಿನ ಮೇಲೆ ಬೆಚ್ಚಗೆ ನೀರು ಇಳಿಯಿತು, ದಿನ ತುಂಬಲು ಇನ್ನೂ ಏಳು ವಾರವಿತ್ತು.

ಆಮೇಲೆ ಆಸ್ಪತ್ರೆಯ ಮಂಚ, ಸೊಂಟದ ಕೆಳಗೆ ನಾನೇ ಇಲ್ಲ, ತ್ರಿಯೋನೊ ಪಕ್ಕದಲ್ಲಿ ಹೊಸ ಗಡಿಗೆ ತಬ್ಬಿಕೊಂಡು ನಿಂತಿದ್ದಾನೆ, ಸೂಜಿ ದಾರ ಉಪ್ಪು ಅಕ್ಕಿ ಎಲ್ಲಾ ಹಾಕಿದ್ವಿ, ಅಕ್ಷರ ಬರೆದ ಕಾಗದ ಒಂದು ಬಾಕಿ, ನಿನ್ನ ಕೈಯಿಂದಲೇ ಆಗ್ಬೇಕಂತೆ ಅಮ್ಮಂಗೆ, ಓದಿದವಳ ಕೈ, ಮಗನೂ ಓದ್ಲಿ ಅಂತ. ಚೀಲದಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದೆ, ಖಾಲಿ ಬೆನ್ನಿನ ಮೇಲೆ ಜಾವಾ ಅಕ್ಷರ ಬರೆದೆ, ಅರಬ್ಬಿ ಬರೆದೆ, ಎ ಬಿ ಸಿ ಬರೆದೆ, ನಾಲ್ಕು ಮಡಿಕೆ ಮಡಿಸಿ ಕೊಟ್ಟೆ, ಒಂದೊಂದು ಚೀಟಿಯನ್ನೂ ಮೂರು ಸಲ ತಿರುಗಿಸಿ ನೋಡುವ ನಾನು ಅದೊಂದನ್ನು ತಿರುಗಿಸಲಿಲ್ಲ. ನಾಲ್ಕನೆಯ ದಿನ ಮನೆಗೆ ಬಂದು ಚೀಟಿ ಜೋಡಿಸಿದರೆ ಕೆಂಡಿಲ್ ಬರೆದ ಚೀಟಿಯೇ ಇಲ್ಲ. ಅವತ್ತು ಸಂಜೆಯೇ ಡಾಕ್ಟರು ಶ್ವಾಸಕೋಶದಲ್ಲಿ ಸೋಂಕು ಅಂದರು, ಒಂದಕ್ಕೊಂದು ಸಂಬಂಧವಿಲ್ಲ, ಗೊತ್ತು, ಸಂಬಂಧವಿಲ್ಲ ಎಂದು ದಿನಕ್ಕೆ ನೂರು ಸಲ ಹೇಳಿಕೊಳ್ಳುತ್ತೇನೆ, ಆದರೆ ಕಣ್ಣು ಮುಚ್ಚಿದರೆ ಆ ಶಿಲುಬೆ, ಒದ್ದೆ ಮಾಸಿಗೆ ಅಂಟಿಕೊಂಡು, ಕೆಂಪು ಬಿಡುತ್ತಾ. ರೀ, ಅಗೆದು ತೆಗೆದುಬಿಡೋಣ ಅಂದೆ ಮೊನ್ನೆ, ಅಗೆಯೋದಾ, ತಲೆ ಕೆಟ್ಟಿದೆಯಾ ನಿಂಗೆ, ಹೂತಿದ್ದನ್ನ ಮುಟ್ಟಿದ್ರೆ ಅಮ್ಮ ನಮ್ಮಿಬ್ರನ್ನೂ ಹೂಳ್ತಾಳೆ ಅಂದ, ನಗಿಸಲು ನೋಡಿದ, ನಗು ಬರಲಿಲ್ಲ, ಅವನಿಗೂ. ಬೆಳಿಗ್ಗೆ ಏಳಕ್ಕೆ ಹಾಲು ತಗೊಂಡು ಹೋದವನು, ಹಿಂಡಿದ ಎರಡು ಬಾಟಲಿ, ಅಲ್ಲಿ ಕೊಟ್ಟು ನಿನ್ನೆಯ ಖಾಲಿ ಬಾಟಲಿ ತರುತ್ತಾನೆ, ಕೊಳವೆಯಲ್ಲಿ ಒಂದೊಂದು ಸಲಕ್ಕೆ ಒಂದು ಚಮಚ ಬಿಡುತ್ತಾರಂತೆ, ಈಗ ಹನ್ನೊಂದು, ಮೂರು ಸಲ ಫೋನು ಮಾಡಿದೆ, ಎತ್ತಲಿಲ್ಲ, ಎದೆ ಮತ್ತೆ ಕಲ್ಲಾಗಿದೆ, ಕುಪ್ಪಸ ಒದ್ದೆ, ಅತ್ತೆ ಒಳಗೆ ಅಕ್ಕಿ ತೊಳೆಯುತ್ತಿದ್ದಾರೆ, ನೀರಿನ ಸದ್ದು ಇರುವ ತನಕ ಹೊತ್ತಿದೆ, ಬುಟ್ಟಿ ಎತ್ತಿದೆ, ಬಲ್ಬನ್ನು ಪಕ್ಕಕ್ಕೆ ಸರಿಸಿದೆ, ಅನ್ನದ ಸೌಟು, ಮಣ್ಣು ಇನ್ನೂ ಮೆತ್ತಗಿದೆ, ಒಂದು ಹಿಡಿ, ಎರಡು ಹಿಡಿ, ಹೊಲಿಗೆ ಉರಿಯುತ್ತದೆ — ಏನೇ ಮಾಡ್ತಿದೀಯ, ಅಯ್ಯೋ ದೇವರೇ, ಏನೇ ಇದು, ಸೌಟು ಕಿತ್ತುಕೊಂಡರು, ಚೀಟಿ ಬು, ನನ್ನ ಚೀಟೀಲಿ ಸತ್ತದ್ದಕ್ಕೆ ಹಾಕೋ ಗುರುತಿತ್ತು, ನಾನೇ ಹಾಕಿದ್ದು, ನಾನೇ ಮಡಿಸಿ ಕೊಟ್ಟಿದ್ದು. ಅತ್ತೆ ನನ್ನನ್ನೇ ನೋಡಿದರು, ಓದು ಬಾರದ ಕಣ್ಣು, ಅಕ್ಕಿ ಅಂಟಿದ ಕೈಯಿಂದ ನನ್ನ ಮುಖದ ಮಣ್ಣು ಒರೆಸಿದರು, ಸಾವೇನು ಓದ್ಕೊಂಡು ಬರತ್ತೇನೇ ಹುಚ್ಚಿ, ಮುಚ್ಚು, ಮುಚ್ಚು ಮೊದಲು, ಇಬ್ಬರೂ ಕೈಯಿಂದಲೇ ಮಣ್ಣು ಎಳೆದೆವು, ಓಣಿಯ ಬಾಯಲ್ಲಿ ಬೈಕಿನ ಸದ್ದು ನಿಂತಿತು, ಇಲ್ಲಿ ಎಲ್ಲರೂ ಅಲ್ಲೇ ಇಂಜಿನ್ ಆರಿಸಿ ತಳ್ಳಿಕೊಂಡು ಬರುತ್ತಾರೆ, ತ್ರಿಯೋನೊನ ಚಪ್ಪಲಿ, ನಿಧಾನ, ಅವನು ಯಾವತ್ತೂ ಇಷ್ಟು ನಿಧಾನ ನಡೆಯುವುದಿಲ್ಲ, ಗೋಡೆಯ ತಿರುವಿನಲ್ಲಿ ಮೊದಲು ಚಕ್ರ ಕಂಡಿತು, ಆಮೇಲೆ ಹ್ಯಾಂಡಲ್, ಹ್ಯಾಂಡಲಿಗೆ ತೂಗುಹಾಕಿದ ಚೀಲ, ಮುಖ ನೋಡಬಾರದು, ಚೀಲ ನೋಡುತ್ತೇನೆ, ಭಾರವಾಗಿ ತೂಗುತ್ತಿದೆ, ಬಾಟಲಿಗೆ ಬಾಟಲಿ ತಾಗುತ್ತಿದೆ, ಖಾಲಿ ಬಾಟಲಿಯ ಸದ್ದಲ್ಲ, ಕತ್ತಿನವರೆಗೂ ಬಿಳಿ, ಎರಡೂ, ಮುಚ್ಚಳದವರೆಗೂ ಬಿಳಿ, ಎರಡೂ ತುಂಬಿವೆ, ತುಂಬಿವೆ